ಹೆಂಡತಿಯನ್ನು ಮೊದಲು ಬಿಡಿಸುತ್ತಿದ್ದರಾ, ಮಕ್ಕಳನ್ನಾ?

ಅಮೆರಿಕದಲ್ಲಿ ಬಿಡುಗಡೆ ಪಡೆದ ಗುಲಾಮ ಮೊದಲು ಹೆಂಡತಿಯನ್ನು ಕೊಳ್ಳುತ್ತಿದ್ದನಾ, ಮಕ್ಕಳನ್ನಾ ಎಂದು ಕೇಳಿದ್ದೀರಿ. ಲೆಕ್ಕ ಹಾಕಿದರೆ ಹೆಂಡತಿಯೇ ಮೊದಲು. ವರ್ಜೀನಿಯಾದ 1662ರ ಕಾನೂನಿನಂತೆ ತಾಯಿ ಗುಲಾಮಳಾದರೆ ಕೂಸೂ ಗುಲಾಮ. ಅಪ್ಪ ಸ್ವತಂತ್ರನಾಗಿದ್ದರೂ ಅಷ್ಟೇ. ಹೆಂಡತಿಯನ್ನು ಮೊದಲು ಬಿಡಿಸದಿದ್ದರೆ, ಮುಂದೆ ಹುಟ್ಟುವ ಮಕ್ಕಳೂ ಗುಲಾಮರೇ.

ಆದರೆ ಎಲ್ಲರೂ ಹಾಗೆ ಮಾಡಲಿಲ್ಲ. ಕನೆಕ್ಟಿಕಟ್‌ನ ವೆಂಚರ್ ಸ್ಮಿತ್ 1765ರಲ್ಲಿ ತನ್ನನ್ನು ತಾನೇ ಕೊಂಡುಕೊಂಡ. ಆಮೇಲೆ ಮರ ಕಡಿದು ದುಡ್ಡು ಕೂಡಿಸಿ, ಮೊದಲು ಇಬ್ಬರು ಗಂಡುಮಕ್ಕಳನ್ನು ತಲಾ 200 ಡಾಲರ್‌ಗೆ ಬಿಡಿಸಿದ. ದುಡಿಯುವ ಕೈ ಬೇಕಿತ್ತೇನೋ, ಇದು ನನ್ನ ಊಹೆ ಅಷ್ಟೆ. ಆಮೇಲೆ ಹೆಂಡತಿ ಮೆಗ್‌ಳನ್ನು ಬಿಡಿಸಲು 40 ಪೌಂಡ್ ಕೊಟ್ಟ. ಆಗ ಅವಳು ಬಸುರಿ. ಇನ್ನೊಂದು ಮಗುವನ್ನು ಕೊಳ್ಳುವುದು ತಪ್ಪಿತು ಎಂದು 1798ರ ಆತ್ಮಕಥೆಯಲ್ಲಿ ಅವನೇ ಹೇಳಿದ್ದಾನೆ. ಎಂಥಾ ಲೆಕ್ಕ ನೋಡಿ! ಮಗಳು ಹ್ಯಾನಾಳಿಗೆ 44 ಪೌಂಡ್. ಬಿಡಿಸಿದ್ದ ಮಗ ಸಾಲೊಮನ್ ಮಾತ್ರ ತಿಮಿಂಗಿಲ ಬೇಟೆಯ ಹಡಗಿಗೆ ಹೋಗಿ, 17ನೇ ವಯಸ್ಸಿಗೇ ತೀರಿಕೊಂಡ.

ಹಾಂ, ಕೊಂಡ ಮೇಲೂ ಕೆಲವರು ಹೆಂಡತಿಗೆ ಬಿಡುಗಡೆ ಪತ್ರ ಬರೆದುಕೊಡುತ್ತಿರಲಿಲ್ಲ. ಸುಮ್ನೆ ಅಲ್ಲ. ವರ್ಜೀನಿಯಾದ 1806ರ ಕಾನೂನಿನಂತೆ, ಬಿಡುಗಡೆಯಾದವರು ಒಂದು ವರ್ಷದೊಳಗೆ ರಾಜ್ಯ ಬಿಟ್ಟು ಹೋಗಬೇಕಿತ್ತು. ಹಾಗಾಗಿ ಕಾಗದದಲ್ಲಿ ಗಂಡನೇ ಹೆಂಡತಿಯ ಯಜಮಾನ.