ಪದೇ ಪದೇ ಉರಿಮೂತ್ರ: ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟಿದ್ದ ಅಮ್ಮ

ಈ ಪ್ರಕರಣ ಬರೆಯಲು ಅವರ ಒಪ್ಪಿಗೆ ಇದೆ. ಗುರುತು ಸಿಗದ ಹಾಗೆ ವಿವರಗಳನ್ನು ಅಲ್ಲಲ್ಲಿ ಬದಲಿಸಿದ್ದೇನೆ. ಅಜ್ಜಿ ಅಂದರೆ ಅವರಿಗೆ ಇಷ್ಟ ಆಗಲ್ಲ, ಹಾಗಾಗಿ ಇಲ್ಲಿ ಅಮ್ಮ ಅಂತಲೇ ಕರೆಯುತ್ತೇನೆ. ವಯಸ್ಸು 68 ಅಂದುಕೊಳ್ಳಿ. ಮಲೆನಾಡಿನ ಕಡೆಯವರು. ಯಜಮಾನರು ರಿಟೈರ್ ಆದ ಮೇಲೆ ಇಬ್ಬರೂ ಬೆಂಗಳೂರಿಗೆ, ಮಗನ ಮನೆಗೆ ಬಂದಿದ್ದಾರೆ.

ಕರೆತಂದಿದ್ದು ಸೊಸೆ. ಫಾರಂನಲ್ಲಿ ಕಾರಣ ಅಂತ "ಡಿಪ್ರೆಶನ್ ಇರಬಹುದು" ಎಂದು ಬರೆದಿದ್ದರು. ಅತ್ತೆ ಎಲ್ಲಿಗೂ ಬರುವುದಿಲ್ಲ, ದೇವಸ್ಥಾನ ಬಿಟ್ಟಿದ್ದಾರೆ, ಸ್ವಂತ ತಂಗಿಯ ಮಗಳ ಮದುವೆಗೂ ಹೋಗಲಿಲ್ಲ, ಬೆಳಿಗ್ಗೆ ದೀಪ ಹಚ್ಚುವುದನ್ನೂ ನನಗೇ ವಹಿಸಿ ಹಾಲ್‌ನಲ್ಲಿ ಸುಮ್ನೆ ಕೂತಿರುತ್ತಾರೆ, ರಾತ್ರಿ ಮಾವನ ರೂಮಿನಲ್ಲಿ ಮಲಗದೆ ಬಾತ್‌ರೂಮ್ ಪಕ್ಕದ ದಿವಾನದ ಮೇಲೆ ಮಲಗುತ್ತಾರೆ ಅಂತ ಒಂದೇ ಉಸಿರಿಗೆ ಹೇಳಿದರು. ಅಷ್ಟೂ ಹೊತ್ತು ಅಮ್ಮ ತಲೆ ಎತ್ತಲಿಲ್ಲ. ಸೊಸೆಯನ್ನು ಹೊರಗೆ ಕೂರಿಸಿದ ಮೇಲೆ ಮೊದಲ ಮಾತು ಬಂತು.

"ಮೇಡಂ, ನನಗೆ ಮನಸ್ಸಿಗೇನೂ ಆಗಿಲ್ಲ. ಒಂದಕ್ಕೆ ಹೋದ್ರೆ ಉರಿ. ಹೋಯ್ತು ಅನ್ನೋಷ್ಟರಲ್ಲಿ ಮತ್ತೆ ಬರುತ್ತೆ. ಇದನ್ನ ಯಾರ ಹತ್ರ ಹೇಳ್ಕೊಳ್ಳೋದು?"

ನಾನು ಡಾಕ್ಟರ್ ಅಲ್ಲ, ಆಪ್ತಸಲಹೆಗಾರ್ತಿ. ಔಷಧಿ ಬರೆಯುವುದು ನನ್ನ ಕೆಲಸವಲ್ಲ. ಆದರೆ ವಯಸ್ಸಾದ ಹೆಂಗಸರ ಮನಸ್ಸಿನ ಕಥೆ ಕೇಳುತ್ತ ಕೂತರೆ ಅರ್ಧ ಕಥೆ ಬಚ್ಚಲುಮನೆಯಲ್ಲೇ ಇರುತ್ತದೆ. ಹಾಗಾಗಿ ನಾನು ನೇರವಾಗಿಯೇ ಕೇಳುತ್ತೇನೆ: ಎಷ್ಟು ಸಲ ಹೋಗುತ್ತೀರಿ, ಸೋರುತ್ತದಾ, ತಡೆಯಲು ಆಗುತ್ತದಾ, ಹೇಗೆ ತೊಳೆದುಕೊಳ್ಳುತ್ತೀರಿ. ಮೊದಲ ಪ್ರಶ್ನೆಗೆ ಅಮ್ಮ ಗಾಬರಿಯಾದರು. ಮೂರನೆಯದಕ್ಕೆ ಬರುವಷ್ಟರಲ್ಲಿ ಅವರೇ ಹೇಳತೊಡಗಿದರು.

ಹೇಳಿದ್ದು ಇಷ್ಟು. ಎರಡು ವರ್ಷದಿಂದ ಹೀಗೆ. ಮೊದಮೊದಲು ಉಷ್ಣ ಅಂದುಕೊಂಡು ಬಾರ್ಲಿ ನೀರು, ಕೊತ್ತಂಬರಿ ಬೀಜ ನೆನೆಸಿದ ನೀರು, ಎಳನೀರು ಕುಡಿದರು. ಆಮೇಲೆ ಮಗ ಕ್ಲಿನಿಕ್‌ಗೆ ಕರೆದುಕೊಂಡು ಹೋದ. ಆಂಟಿಬಯಾಟಿಕ್ ಕೊಟ್ಟರು, ಮೂರನೇ ದಿನಕ್ಕೆ ಉರಿ ನಿಂತಿತು, ಉಳಿದ ಮಾತ್ರೆಯನ್ನು "ಮತ್ತೆ ಬಂದ್ರೆ ಇರ್ಲಿ" ಅಂತ ಎತ್ತಿಟ್ಟರು. ಮತ್ತೆ ಬಂದಾಗ ಅದನ್ನೇ ನುಂಗಿದರು. ಮುಗಿದಾಗ ಖಾಲಿ ಸ್ಟ್ರಿಪ್ ತೋರಿಸಿ ಮೆಡಿಕಲ್ ಶಾಪ್‌ನಿಂದ ತರಿಸಿದರು. ಈ ನಡುವೆ ಮಗ ಲ್ಯಾಬ್‌ನವರ ಪ್ಯಾಕೇಜ್ ಬುಕ್ ಮಾಡಿದ್ದ, ಮೂರು ತಿಂಗಳಿಗೊಮ್ಮೆ ಮನೆಗೇ ಬಂದು ರಕ್ತ, ಮೂತ್ರ ತೆಗೆದುಕೊಂಡು ಹೋಗುತ್ತಿದ್ದರು. ರಿಪೋರ್ಟ್‌ನಲ್ಲಿ "ಪಸ್ ಸೆಲ್ಸ್ 8-10" (ಮೂತ್ರದಲ್ಲಿ ಕಂಡ ಬಿಳಿ ರಕ್ತಕಣಗಳ ಲೆಕ್ಕ) ಅಂತ ದಪ್ಪ ಅಕ್ಷರದಲ್ಲಿ ಬಂದ ದಿನ ಮನೆಯಲ್ಲಿ ಗಾಬರಿ. ಉರಿ ಇಲ್ಲದಿದ್ದರೂ ಮತ್ತೆ ಮಾತ್ರೆ.

ಇದಕ್ಕಿಂತ ಹೆಚ್ಚು ನನ್ನ ಗಮನ ಹಿಡಿದಿದ್ದು ಬೇರೆ. ಅಮ್ಮ ದಿನಕ್ಕೆ ನಾಲ್ಕೈದು ಸಲ, ಗಾಯ ತೊಳೆಯುವ ಆಂಟಿಸೆಪ್ಟಿಕ್ ಅನ್ನು ಬಿಸಿನೀರಿಗೆ ಹಾಕಿಕೊಂಡು ಉಜ್ಜಿ ಉಜ್ಜಿ ತೊಳೆದುಕೊಳ್ಳುತ್ತಿದ್ದರು. ಒಳಗೂ ನೀರು ಹಾಯಿಸುತ್ತಿದ್ದರು. "ಕೊಳಕು ಇದ್ದುದಕ್ಕೇ ಅಲ್ವಾ ಮೇಡಂ ಕ್ರಿಮಿ ಆಗೋದು?" ನೀರು ಕುಡಿದರೆ ಪದೇ ಪದೇ ಹೋಗಬೇಕು, ಹೋದರೆ ಉರಿ, ಕೆಮ್ಮಿದರೆ ಎರಡು ಹನಿ ಸೋರುತ್ತದೆ, ಸೋರಿದರೆ ಮೈಲಿಗೆ, ಮೈಲಿಗೆಯಲ್ಲಿ ದೇವರ ಮನೆಗೆ ಹೋಗುವಂತಿಲ್ಲ. ಅದಕ್ಕೆ ನೀರನ್ನೇ ಕಡಿಮೆ ಮಾಡಿದ್ದರು. ಹೊರಗೆ ಹೋಗುವ ದಿನ ಬೆಳಗಿನ ಕಾಫಿ ಬಿಟ್ಟರೆ ಹನಿ ನೀರು ಮುಟ್ಟುತ್ತಿರಲಿಲ್ಲ.

ನನಗೆ ಕಂಡದ್ದು ಇದು. ಸೋಂಕು ನಿಜ. ಆದರೆ ಅದಕ್ಕೆ ನೀರು, ಗೊಬ್ಬರ ಎರಡನ್ನೂ ಹಾಕುತ್ತಿದ್ದದ್ದು ಅವರ ನಾಚಿಕೆ. ನೀರು ಕುಡಿಯಲಿಲ್ಲ, ಜಾಸ್ತಿ ಉಜ್ಜಿದರು, ಡಾಕ್ಟರ್ ಹತ್ತಿರ ಪೂರ್ತಿ ಹೇಳಲಿಲ್ಲ, ಮಾತ್ರೆಯನ್ನು ಕದ್ದು ನುಂಗಿದರು. ಎಲ್ಲವೂ ನಾಚಿಕೆಯಿಂದಲೇ.

ಮೊದಲ ಭೇಟಿಯಲ್ಲಿ ನಾನು ಮಾಡಿದ್ದು ಒಂದೇ, ಕೊಳಕಿನ ಲೆಕ್ಕ ತೆಗೆದುಹಾಕುವುದು. ಅವರಿಗೆ ಹೇಳಿದ ಹಾಗೇ ಇಲ್ಲೂ ಬರೆಯುತ್ತೇನೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಅನ್ನುವ ಹಾರ್ಮೋನ್ ಇಳಿಯುತ್ತದೆ. ಅದು ಇದ್ದಷ್ಟು ದಿನ ಯೋನಿಯೊಳಗೆ ಲ್ಯಾಕ್ಟೋಬ್ಯಾಸಿಲಸ್ ಅನ್ನುವ ಒಳ್ಳೆಯ ಬ್ಯಾಕ್ಟೀರಿಯಾ ತುಂಬಿಕೊಂಡು ಜಾಗವನ್ನು ಆಮ್ಲೀಯವಾಗಿ ಇಟ್ಟಿರುತ್ತವೆ. ಹಾರ್ಮೋನ್ ಇಳಿದ ಮೇಲೆ ಅವು ಕಡಿಮೆಯಾಗುತ್ತವೆ, ಚರ್ಮ ತೆಳುವಾಗಿ ಒಣಗುತ್ತದೆ. ಆಗ ನಮ್ಮದೇ ಕರುಳಿನಲ್ಲಿರುವ ಇ-ಕೋಲೈ ಅನ್ನುವ ಬ್ಯಾಕ್ಟೀರಿಯಾ ಅಲ್ಲಿ ಬಂದು ನೆಲೆಯೂರಿ ಮೂತ್ರಚೀಲಕ್ಕೆ ಹತ್ತುವುದು ಸುಲಭ. ಹೆಂಗಸರಿಗೆ ಮೂತ್ರನಾಳವೂ ಗಿಡ್ಡ. ಇದರಲ್ಲಿ ಕೊಳಕು ಎಲ್ಲಿ ಬಂತು? ಆಂಟಿಸೆಪ್ಟಿಕ್‌ನಿಂದ ಉಜ್ಜಿದರೆ ಅಳಿದುಳಿದ ಒಳ್ಳೆಯ ಬ್ಯಾಕ್ಟೀರಿಯಾವೂ ಹೋಗುತ್ತವೆ, ತೆಳು ಚರ್ಮ ಇನ್ನೂ ಉರಿಯುತ್ತದೆ. ಆ ಉರಿಯನ್ನೇ ಮತ್ತೆ ಸೋಂಕು ಬಂತು ಅಂದುಕೊಂಡು ಮತ್ತೆ ಮಾತ್ರೆ ನುಂಗುವುದು.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನ ಇಷ್ಟು ದಿನ ಯಾರೂ ಹೇಳ್ಲಿಲ್ಲ" ಅಂದರು. ಹೇಳಿರಲಿಕ್ಕಿಲ್ಲ, ನಿಜ. ಆದರೆ ಕ್ಲಿನಿಕ್‌ನಲ್ಲಿ ಇವರೂ ಬಾಯಿ ಬಿಟ್ಟಿರಲಿಲ್ಲ, ಮಗನೇ ಇವರ ಪರವಾಗಿ "ಅಮ್ಮಂಗೆ ಯೂರಿನ್ ಇನ್‌ಫೆಕ್ಷನ್ ಡಾಕ್ಟ್ರೇ" ಅಂತ ಹೇಳಿ ಮುಗಿಸುತ್ತಿದ್ದ. ಮಗನ ಎದುರು ತಾಯಿ ಇದಕ್ಕಿಂತ ಜಾಸ್ತಿ ಏನು ಹೇಳಿಯಾರು?

ಹಾಗಾಗಿ ಎರಡನೇ ಸಲಹೆ: ಸ್ತ್ರೀರೋಗ ತಜ್ಞೆ ಅಥವಾ ಯುರಾಲಜಿ ಡಾಕ್ಟರ್ ಹತ್ತಿರ ಹೋಗಿ, ಮಗನ ಜೊತೆ ಬೇಡ, ಸೊಸೆ ಜೊತೆ. ಸೊಸೆ ಎದುರೂ ಕಷ್ಟ ಅನ್ನಿಸಿದರೆ ಬರೆದುಕೊಂಡು ಹೋಗಿ. ಒಂದು 100 ಪುಟದ ನೋಟ್‌ಬುಕ್‌ನಲ್ಲಿ ಕನ್ನಡದಲ್ಲೇ ಬರೆಯಲು ಹೇಳಿದೆ. ಯಾವ ತಾರೀಕು, ಉರಿ ಇತ್ತಾ, ಜ್ವರ ಇತ್ತಾ, ಕಲ್ಚರ್ ಟೆಸ್ಟ್ (ಮೂತ್ರದಲ್ಲಿ ಯಾವ ಬ್ಯಾಕ್ಟೀರಿಯಾ ಇದೆ ಅಂತ ಬೆಳೆಸಿ ನೋಡುವ ಪರೀಕ್ಷೆ) ಕೊಟ್ಟರಾ, ಯಾವ ಮಾತ್ರೆ, ಎಷ್ಟು ದಿನ ನುಂಗಿದರು. ಹಳೆಯ ರಿಪೋರ್ಟ್‌ಗಳ ಪ್ಲಾಸ್ಟಿಕ್ ಕವರ್ ಮುಂದಿಟ್ಟುಕೊಂಡು ಸೊಸೆಯೂ ಅತ್ತೆಯೂ ಕೂತು ಹಿಂದಿನ ಒಂದು ವರ್ಷದ್ದನ್ನು ತುಂಬಿಸಿದರು. ಏಳು ಸಲ ಆಂಟಿಬಯಾಟಿಕ್ ನುಂಗಿದ್ದರು. ಅದರಲ್ಲಿ ನಿಜವಾಗಿ ಉರಿ, ಅವಸರ, ಹೊಟ್ಟೆಯ ಕೆಳಗೆ ನೋವು ಅಂತ ಇದ್ದದ್ದು ಮೂರು ಸಲ. ಉಳಿದದ್ದು ರಿಪೋರ್ಟ್‌ಗೆ ಕೊಟ್ಟ ಚಿಕಿತ್ಸೆ! ಕಲ್ಚರ್ ಮಾಡಿಸಿದ್ದು ಒಂದೇ ಸಲ, ಅದೂ ಮಾತ್ರೆ ಶುರು ಮಾಡಿದ ಮೇಲೆ.

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ತುಂಬ ಮನೆಗಳಲ್ಲಿ ಇದೇ ನಡೆಯುತ್ತಿದೆ. ವಯಸ್ಸಾದ ಹೆಂಗಸರ ಮೂತ್ರದಲ್ಲಿ ಏನೂ ತೊಂದರೆ ಕೊಡದೆ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ. ಉರಿ ಇಲ್ಲ, ಜ್ವರ ಇಲ್ಲ ಅಂದರೆ ಅದಕ್ಕೆ ಆಂಟಿಬಯಾಟಿಕ್ ಬೇಡ ಅನ್ನುವುದು ಒಪ್ಪಿತವಾದ ವೈದ್ಯಕೀಯ ನಿಲುವು (ಮೂತ್ರನಾಳದ ಕೆಲವು ಆಪರೇಷನ್‌ಗೆ ಮುಂಚೆ ಮಾತ್ರ ಬೇರೆ ಲೆಕ್ಕ). ಕೊಟ್ಟರೆ ಲಾಭ ಇಲ್ಲ, ನಷ್ಟ ಇದೆ. ಉಳಿದ ಬ್ಯಾಕ್ಟೀರಿಯಾ ಮದ್ದಿಗೆ ಬಗ್ಗದೆ ಬಲಿಯುತ್ತವೆ, ನಿಜವಾಗಿ ಬೇಕಾದ ದಿನ ನುಂಗುವ ಮಾತ್ರೆ ಕೆಲಸ ಮಾಡದೆ ಇಂಜೆಕ್ಷನ್‌ಗೆ ಅಡ್ಮಿಟ್ ಆಗಬೇಕಾಗಬಹುದು. ಮೂರು ತಿಂಗಳಿಗೊಮ್ಮೆ ಸುಮ್ನೆ ಮೂತ್ರ ಪರೀಕ್ಷೆ ನಿಲ್ಲಿಸಿ, ಅದನ್ನು ಡಾಕ್ಟರ್ ಹತ್ತಿರವೇ ಕೇಳಿ ಖಚಿತ ಮಾಡಿಕೊಳ್ಳಿ ಅಂತ ಮಗನಿಗೆ ಫೋನ್‌ನಲ್ಲಿ ಹೇಳಿದೆ. ಅವನಿಗೆ ಸಿಟ್ಟು ಬಂತು. ತಾಯಿಗೋಸ್ಕರ ದುಡ್ಡು ಖರ್ಚು ಮಾಡುವುದು ತಪ್ಪಾ ಅನ್ನುವ ಸಿಟ್ಟು. ಅರ್ಥವಾಗುವಂಥದ್ದೇ.

ವೈದ್ಯೆ ನೋಟ್‌ಬುಕ್ ನೋಡಿ ಪರೀಕ್ಷೆ ಮಾಡಿದರು, ಸ್ಕ್ಯಾನ್ ಬರೆದರು. ಮೂತ್ರ ಹೋಗಿ ಬಂದ ಮೇಲೂ ಚೀಲದಲ್ಲಿ ಸ್ವಲ್ಪ ಉಳಿಯುತ್ತಿತ್ತು. ಕಾರಣ ಕೆದಕಿದಾಗ ಗೊತ್ತಾಗಿದ್ದು, ಮಂಡಿ ನೋವಿನಿಂದ ಪೂರ್ತಿ ಕೂರಲಾಗದೆ, ಕಮೋಡ್ ಮೇಲೂ "ಮಡಿ" ಅಂತ ಅರ್ಧ ನಿಂತೇ ಮುಗಿಸುತ್ತಿದ್ದರು. ಹಾಗೆ ನಿಂತರೆ ಕೆಳಗಿನ ಸ್ನಾಯು ಸಡಿಲವಾಗುವುದಿಲ್ಲ, ಚೀಲ ಪೂರ್ತಿ ಬರಿದಾಗುವುದಿಲ್ಲ. ಕಮೋಡ್ ಸೀಟ್ ಒರೆಸಿಕೊಂಡು ಪೂರ್ತಿ ಕೂತು, ಕಾಲು ನೆಲಕ್ಕೆ ಊರಿ, ಮುಗಿಯಿತು ಅನ್ನಿಸಿದ ಮೇಲೂ ಸ್ವಲ್ಪ ಮುಂದಕ್ಕೆ ಬಾಗಿ ಒಂದು ನಿಮಿಷ ಕಾದು ಇನ್ನೊಮ್ಮೆ ಪ್ರಯತ್ನಿಸಲು ಹೇಳಿದರು. ಮಲಬದ್ಧತೆಯೂ ಇತ್ತು, ಅದೂ ಮೂತ್ರಚೀಲವನ್ನು ಒತ್ತುತ್ತದೆ, ಅದಕ್ಕೂ ದಾರಿ ಹೇಳಿದರು. ಇವರಿಗೆ ಶುಗರ್ ಇರಲಿಲ್ಲ. ಇರುವವರು ಮೂತ್ರದಲ್ಲಿ ಸಕ್ಕರೆ ಹೊರಹಾಕಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ತಪ್ಪದೆ ಹೇಳಬೇಕು, ಅದರಿಂದ ಆ ಜಾಗದಲ್ಲಿ ಫಂಗಸ್ ಆಗಿ ತುರಿಕೆ ಬರುವುದುಂಟು.

ಕೊನೆಗೆ ಎಸ್ಟ್ರಿಯೋಲ್ (ಈಸ್ಟ್ರೋಜನ್‌ನದೇ ಒಂದು ಬಗೆ) ಕ್ರೀಮ್ ಬರೆದುಕೊಟ್ಟರು. ಯೋನಿಯೊಳಗೆ ಹಚ್ಚುವುದು, ಮೊದಲ ಎರಡು ವಾರ ದಿನಾ ರಾತ್ರಿ, ಆಮೇಲೆ ವಾರಕ್ಕೆ ಎರಡು ಸಲ. ಅಮ್ಮ ಕ್ರೀಮ್ ತಂದು, ಒಳಗಿದ್ದ ಚೀಟಿಯನ್ನು ಮೊಮ್ಮಗಳ ಹತ್ತಿರ ಓದಿಸಿ (ಹೌದು, ಪಿಯುಸಿ ಓದುವ ಮೊಮ್ಮಗಳ ಹತ್ತಿರ, ನಾಚಿಕೆ ಎಲ್ಲಿ ಹೋಗಿತ್ತೋ), ಕ್ಯಾನ್ಸರ್ ಅನ್ನುವ ಪದ ಕೇಳಿ ಡಬ್ಬಿಯನ್ನು ಬೀರುವಿನಲ್ಲಿ ಇಟ್ಟು ನನಗೆ ಫೋನ್ ಮಾಡಿದರು. ಇದು ನಾನು ತುಂಬ ಸಲ ನೋಡಿದ ಜಾಗ. ಒಳ್ಳೆಯ ಔಷಧಿ ಬೀರುವಿನಲ್ಲೇ ಹಳಸುತ್ತದೆ.

ನಾನು ಹೇಳಿದ್ದು: ಇಷ್ಟು ಚಿಕ್ಕ ಪ್ರಮಾಣದಲ್ಲಿ ಆ ಜಾಗಕ್ಕಷ್ಟೇ ಹಚ್ಚಿದರೆ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ನುಂಗುವ ಹಾರ್ಮೋನ್ ಮಾತ್ರೆಗೂ ಇದಕ್ಕೂ ವ್ಯತ್ಯಾಸ ಇದೆ. ಸ್ತನ ಕ್ಯಾನ್ಸರ್ ಆಗಿದ್ದವರು, ಕಾರಣ ಗೊತ್ತಿಲ್ಲದ ರಕ್ತಸ್ರಾವ ಇರುವವರು ಮಾತ್ರ ಡಾಕ್ಟರ್ ಹತ್ತಿರ ಬಿಡಿಸಿ ಕೇಳಬೇಕು. ಇವರಿಗೆ ಎರಡೂ ಇಲ್ಲ. 1993ರಲ್ಲೇ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಇದರ ಬಗ್ಗೆ ಒಂದು ಅಧ್ಯಯನ ಬಂದಿದೆ. ಮುಟ್ಟು ನಿಂತ, ಪದೇ ಪದೇ ಸೋಂಕಾಗುವ ಹೆಂಗಸರಲ್ಲಿ ಎಸ್ಟ್ರಿಯೋಲ್ ಹಚ್ಚಿಕೊಂಡವರಿಗೆ ವರ್ಷಕ್ಕೆ ಸರಾಸರಿ 0.5 ಸಲ ಸೋಂಕು, ಔಷಧಿ ಇಲ್ಲದ ಬರೀ ಕ್ರೀಮ್ ಹಚ್ಚಿಕೊಂಡವರಿಗೆ 5.9 ಸಲ. 30 ವರ್ಷ ದಾಟಿದ ಹಳೆಯ ವಿಷಯ, ನಮ್ಮ ಅಮ್ಮಂದಿರಿಗೆ ಇನ್ನೂ ತಲುಪಿಲ್ಲ ಅಂದರೆ ನನಗೆ ಸಿಟ್ಟೇ ಬರುತ್ತದೆ. ಒಂದೇ ಮಾತು, ಪರಿಣಾಮ ಗೊತ್ತಾಗಲು ಎರಡು ಮೂರು ತಿಂಗಳು ಬೇಕು, ಎರಡು ವಾರಕ್ಕೆ ಬೇಸರವಾಗಿ ಬಿಡಬಾರದು. ಮಾರನೇ ದಿನವೇ ಡಾಕ್ಟರ್‌ಗೂ ಫೋನ್ ಮಾಡಿಸಿದೆ. ಅವರೂ ಅದನ್ನೇ ಹೇಳಿದ ಮೇಲೆ ಡಬ್ಬಿ ಬೀರುವಿನಿಂದ ಹೊರಗೆ ಬಂತು.

ಮಗ ಆನ್‌ಲೈನ್‌ನಲ್ಲಿ ತರಿಸುತ್ತಿದ್ದ ದುಬಾರಿ ಡಿ-ಮ್ಯಾನೋಸ್ ಪುಡಿಯ (ಉರಿಮೂತ್ರ ತಡೆಯುತ್ತದೆ ಅಂತ ಮಾರುವ ಒಂದು ಬಗೆಯ ಸಕ್ಕರೆ) ಬಗ್ಗೆಯೂ ಕೇಳಿದರು. ಬ್ರಿಟನ್‌ನಲ್ಲಿ ನಡೆದು 2024ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಅದರಿಂದ ಪ್ರಯೋಜನ ಕಾಣಲಿಲ್ಲ. ಕ್ರ್ಯಾನ್‌ಬೆರಿಯಿಂದ ಕೆಲವರಿಗೆ ಅನುಕೂಲ ಇದೆ, ಆದರೆ ಸಕ್ಕರೆ ತುಂಬಿದ ಜ್ಯೂಸ್‌ಗೆ ದುಡ್ಡು ಹಾಕಬೇಡಿ. ಬಾರ್ಲಿ ನೀರು, ಎಳನೀರು ಇಷ್ಟ ಇದ್ದರೆ ಕುಡಿಯಲಿ, ನೀರಾದರೂ ಒಳಗೆ ಹೋಗುತ್ತದಲ್ಲ. ಕಿಡ್ನಿ ತೊಂದರೆ ಇರುವವರಿಗೆ ಎಳನೀರಿನ ಪೊಟ್ಯಾಸಿಯಮ್ ಒಳ್ಳೆಯದಲ್ಲ, ಅಷ್ಟು ನೆನಪಿರಲಿ. ಉರಿ ಇಳಿಸುವ ಸಿರಪ್ ಉರಿಯನ್ನು ತಗ್ಗಿಸುತ್ತದೆ, ಸೋಂಕನ್ನಲ್ಲ. ಕೆಲವು ಮದ್ದಿನ ಜೊತೆ ಅದು ಹೊಂದುವುದೂ ಇಲ್ಲ, ಕೇಳಿ ಕುಡಿಯಬೇಕು.

ಇನ್ನು ನೀರು. ಕಿರಿ ವಯಸ್ಸಿನ ಹೆಂಗಸರ ಮೇಲೆ ಮಾಡಿದ 2018ರ ಅಧ್ಯಯನದಲ್ಲಿ ದಿನಾ ಒಂದೂವರೆ ಲೀಟರ್ ಹೆಚ್ಚಿಗೆ ನೀರು ಕುಡಿದವರಿಗೆ ಸೋಂಕು ಸುಮಾರು ಅರ್ಧಕ್ಕಿಳಿಯಿತು. ಅಮ್ಮನಿಗೆ ಹೃದಯ, ಕಿಡ್ನಿ ತೊಂದರೆ ಇಲ್ಲ ಅಂತ ಖಚಿತ ಮಾಡಿಕೊಂಡು ಡಾಕ್ಟರ್ ಒಪ್ಪಿದ ಅಳತೆಯನ್ನು ಹಂಚಿದೆವು. ಒಂದು ಲೀಟರ್‌ನ ಸ್ಟೀಲ್ ತಂಬಿಗೆ, ಬೆಳಿಗ್ಗೆ ಒಂದು, ಸಂಜೆ ಐದರೊಳಗೆ ಇನ್ನೊಂದಕ್ಕೆ ಸ್ವಲ್ಪ ಕಡಿಮೆ. ರಾತ್ರಿ ಊಟದ ಮೇಲೆ ಗುಟುಕು ಮಾತ್ರ, ಕತ್ತಲಲ್ಲಿ ಎದ್ದು ಬೀಳುವುದು ಬೇಡ. ತೊಳೆಯಲು ಬರೀ ನೀರು, ಮುಂದಿನಿಂದ ಹಿಂದಕ್ಕೆ.

ಮಡಿ ವಿಷಯಕ್ಕೆ ನಾನು ಉಪದೇಶ ಮಾಡಲಿಲ್ಲ. ನಂಬಿಕೆ ಅವರದು. "ನಿಮ್ಮ ತಾಯಿ ವಯಸ್ಸಾದ ಮೇಲೆ ಏನು ಮಾಡ್ತಿದ್ರು?" ಅಂತ ಕೇಳಿದೆ. ಅಮ್ಮ ಯೋಚಿಸಿ, ಅವರಮ್ಮನಿಗೂ ಸೋರುತ್ತಿತ್ತು, ಹಳೇ ಪಂಚೆ ಹರಿದು ಮಡಚಿ ಇಟ್ಟುಕೊಳ್ಳುತ್ತಿದ್ದರು, ಬದಲಿಸಿ ಕೈಕಾಲು ತೊಳೆದುಕೊಂಡು ತುಳಸಿಗೆ ನೀರು ಹಾಕುತ್ತಿದ್ದರು, ಯಾರೂ ಏನೂ ಅನ್ನುತ್ತಿರಲಿಲ್ಲ ಅಂದರು. ಮತ್ತೆ ತಾವೇ, "ನಾನು ಅದನ್ನ ಮರ್ತೇಬಿಟ್ಟಿದ್ದೆ" ಅಂದರು. ಮುಂದಿನ ಭೇಟಿಗೆ ಬಂದಾಗ ದೀಪ ಹಚ್ಚುತ್ತಿದ್ದರು. ಒಂದು ಜೊತೆ ಹತ್ತಿ ಬಟ್ಟೆ ಬಾತ್‌ರೂಮಿನಲ್ಲೇ ಇರುತ್ತದೆ, ಪ್ಯಾಡ್ ಸೊಸೆ ತಂದುಕೊಡುತ್ತಾಳೆ. ಕೆಮ್ಮಿದಾಗ ಸೋರುವುದಕ್ಕೆ ಫಿಸಿಯೋಥೆರಪಿಸ್ಟ್ ಹತ್ತಿರ ಮೂತ್ರ ತಡೆಹಿಡಿಯುವ ಕೆಳಗಿನ ಸ್ನಾಯು ಬಿಗಿ ಮಾಡುವ ವ್ಯಾಯಾಮ ಕಲಿತರು. ಬೇಜಾರು ಅಂತ ಆಗಾಗ ಬಿಡುತ್ತಾರೆ.

ಇನ್ನೊಂದು ಭಯ ಇತ್ತು. ಊರಲ್ಲಿ ಪಕ್ಕದ ಮನೆಯವರು ಡಯಾಲಿಸಿಸ್‌ನಲ್ಲಿ ಹೋದರಂತೆ, ತನಗೂ ಅದೇ ಗತಿ ಅಂತ ಪ್ರತಿ ಸಲ ಒಂದಕ್ಕೆ ಹೋದಾಗಲೂ ಬಣ್ಣ, ವಾಸನೆ ನೋಡುತ್ತಿದ್ದರು. ಮೂತ್ರಚೀಲದಲ್ಲೇ ಇರುವ ಸೋಂಕು ಸಾಮಾನ್ಯವಾಗಿ ಕಿಡ್ನಿ ಹಾಳು ಮಾಡುವುದಿಲ್ಲ. ಮೇಲೆ ಹತ್ತಿದರೆ ಅದು ಕೂಗಿ ಹೇಳುತ್ತದೆ: ನಡುಕ ಬರುವ ಚಳಿಜ್ವರ, ಬೆನ್ನಿನ ಪಕ್ಕೆಯಲ್ಲಿ ನೋವು, ವಾಂತಿ, ಇದ್ದಕ್ಕಿದ್ದಂತೆ ಮಂಕು ಅಥವಾ ಗೊಂದಲ. ಇವುಗಳಲ್ಲಿ ಒಂದಿದ್ದರೂ ರಾತ್ರಿಯಾದರೂ ಸರಿ, ಆಸ್ಪತ್ರೆಗೆ. ರಕ್ತ ಕಂಡರೆ, ನೋವಿಲ್ಲದಿದ್ದರೂ, ತೋರಿಸಲೇಬೇಕು. ಇಷ್ಟನ್ನು ದಪ್ಪಕ್ಷರದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿದರು. ವಾಸನೆ ನೋಡುವುದು ಕಡಿಮೆಯಾಯಿತು.

ಯುಗಾದಿ ಹೊತ್ತಿಗೆ ಮತ್ತೊಮ್ಮೆ ಉರಿ ಬಂತು. ಈ ಸಲ ಅಮ್ಮ ಮಾತ್ರೆ ಮುಟ್ಟುವ ಮೊದಲು ಮೊದಲ ಧಾರೆ ಬಿಟ್ಟು ನಡುವಿನದನ್ನು ಲ್ಯಾಬ್‌ನ ಡಬ್ಬಿಯಲ್ಲಿ ಹಿಡಿದು ಕಲ್ಚರ್‌ಗೆ ಕಳಿಸಿದರು, ಆಮೇಲೆ ಡಾಕ್ಟರ್ ಕೊಟ್ಟ ಮಾತ್ರೆಯನ್ನು ಹೇಳಿದಷ್ಟು ದಿನ ಪೂರ್ತಿ ನುಂಗಿದರು. ಹೆದರಿಕೆ ಆಯಿತಾ ಅಂದೆ. "ಆಯ್ತು, ಆದ್ರೆ ಏನು ಮಾಡ್ಬೇಕು ಅಂತ ಗೊತ್ತಿತ್ತಲ್ಲ" ಅಂದರು.

ಛತ್ರದ ಬಾತ್‌ರೂಮ್ ಮಾತ್ರ ಇನ್ನೂ ಬಗೆಹರಿದಿಲ್ಲ. ಒದ್ದೆ ನೆಲ, ಚಿಲಕ ಇಲ್ಲದ ಬಾಗಿಲು, ಉದ್ದ ಸಾಲು, ಅದಕ್ಕೆ ನನ್ನ ಹತ್ತಿರ ಸಲಹೆ ಇಲ್ಲ. ಸದ್ಯಕ್ಕೆ ಮುಹೂರ್ತಕ್ಕೆ ಹೋಗಿ, ಅಕ್ಷತೆ ಹಾಕಿ, ಊಟಕ್ಕೆ ಹತ್ತಿರದ ನೆಂಟರ ಮನೆಗೆ ಬರುವುದು ಅಂತ ಒಪ್ಪಂದ ಆಗಿದೆ. ಬೆಳಿಗ್ಗೆ ನೀರು ಕುಡಿದೇ ಹೊರಡುವುದು ಅನ್ನುವುದು ಅದರ ಮೊದಲ ಷರತ್ತು.