ಬಂಡೆ ಆಲೂಗಡ್ಡೆ ತರ ಕಾಣ್ತಿದೆ, ಏನು ಮಾಡಲಿ?

ಪ್ರಶ್ನೆ: ಉಳ್ಳಾಲದ ಸೋಮೇಶ್ವರದಲ್ಲಿ ರುದ್ರಶಿಲೆಗೆ ಅಲೆ ಬಡಿಯುವ ಫೋಟೊ ತೆಗೆದಿದ್ದೆ. ಅದನ್ನು ನೋಡಿಕೊಂಡು ಮೊದಲ ಸಲ ಆಯಿಲ್ ಪೇಂಟಿಂಗ್ ಮಾಡುತ್ತಿದ್ದೇನೆ. ಬಂಡೆ ಆಲೂಗಡ್ಡೆ ತರ, ನೊರೆ ಹತ್ತಿ ತರ ಆಗಿದೆ. ಎಲ್ಲಿ ತಪ್ಪಾಗುತ್ತಿದೆ?
ಓದುಗರು, ಮಡಿಕೇರಿ

ಉತ್ತರ: ನೀವು ಕಳಿಸಿದ ಚಿತ್ರ ನೋಡಿದೆ. ಆಕಾಶ ಚೆನ್ನಾಗಿ ಬಂದಿದೆ, ಅದನ್ನು ಇನ್ನು ಮುಟ್ಟಬೇಡಿ. ಉಳಿದ ಎರಡಕ್ಕೂ ಕಾರಣ ಒಂದೇ, ಬಿಳಿ ಬಣ್ಣವನ್ನು ತುಂಬಾ ಬೇಗ ತೆಗೆದುಕೊಂಡಿದ್ದೀರಿ. ಬಂಡೆಗೆ ಸುತ್ತ ಗೆರೆ ಎಳೆದು, ಒಳಗೆ ಬೂದು ತುಂಬಿ, ನೆತ್ತಿಗೆ ಬಿಳಿ ಸವರಿ ಉಜ್ಜಿದರೆ ಅದು ಗುಂಡಗೇ ಆಗುತ್ತದೆ ಅಲ್ವಾ?

ಬಂಡೆಗೆ ಮುಖಗಳಿವೆ. ಬಿಸಿಲು ಬೀಳುವ ಮುಖ, ಆಕಾಶ ನೋಡುವ ಮುಖ, ನೆರಳಿನ ಮುಖ. ಮೊದಲು ನೆರಳನ್ನಷ್ಟೇ ಹಾಕಿ. ಟ್ಯೂಬಿನ ಕಪ್ಪು ಬೇಡ, ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಎನ್ನುವ ಕೆಂಗಂದು ಬಣ್ಣ ಸೇರಿಸಿದರೆ ಜೀವ ಇರುವ ಕಪ್ಪು ಸಿಗುತ್ತದೆ, ಅದಕ್ಕೆ ಸ್ವಲ್ಪ ಟರ್ಪೆಂಟೈನ್ ಹಾಕಿ ತೆಳ್ಳಗೆ ಹಚ್ಚಿ. ಆಮೇಲೆ ಒಂದು ಇಂಚಿನ ಚಪ್ಪಟೆ ಬ್ರಷ್‌ನಲ್ಲಿ ಒಂದು ಮುಖಕ್ಕೆ ಒಂದೇ ಎಳೆತ. ಎಳೆದ ಮೇಲೆ ಮತ್ತೆ ಉಜ್ಜಬೇಡಿ.

ಇದಕ್ಕೆ ಸಮುದ್ರದ ತನಕ ಹೋಗಬೇಕಿಲ್ಲ. ಬೆಳಿಗ್ಗೆ ಬಿಸಿಲಿಗೆ ಅಂಗಳದಲ್ಲಿ ಒಂದು ಒರಟು ಕಲ್ಲು ಇಟ್ಟು ಅರ್ಧ ಭಾಗಕ್ಕೆ ಮಾತ್ರ ನೀರು ಹಾಕಿ ನೋಡಿ. ಒದ್ದೆಯಾದ ಕಡೆ ಕಲ್ಲು ಥಟ್ಟನೆ ಕಪ್ಪಾಗುತ್ತದೆ, ಅದೇ ಕಪ್ಪಿನ ಮೇಲೆ ಆಕಾಶದ ನೀಲಿ ಚೂರುಚೂರಾಗಿ ಹೊಳೆಯುತ್ತದೆ. ಒಣಗಿದ ಕಡೆ ಮಣ್ಣಿನ ಬಣ್ಣ ಉಳಿದಿರುತ್ತದೆ. ನಿಮ್ಮ ಬಂಡೆಯ ಬುಡವೂ ಹೀಗೇ ಕಪ್ಪಾಗಿರಬೇಕು. ಬೇಸಿಗೆಯಲ್ಲಿ ದುಬಾರೆಗೆ ಹೋದರೆ ಕಾವೇರಿಯ ಬಂಡೆಗಳಲ್ಲೂ ಇದನ್ನೇ ಕಾಣಬಹುದು.

ಇನ್ನು ನೊರೆ. ನೊರೆ ಬಿಳಿ ಎನ್ನುವುದು ನಮ್ಮ ತಲೆಯಲ್ಲಿರುವ ಮಾತು. ಕಣ್ಣಿಗೆ ಕಾಣುವ ನೊರೆಯಲ್ಲಿ ಬಹುಪಾಲು ನೆರಳು. ಟೈಟಾನಿಯಂ ಬಿಳಿಗೆ ಚೂರು ಅಲ್ಟ್ರಾಮರೀನ್, ಚೂರೇ ಚೂರು ಕಂದು ಬೆರೆಸಿ, ಇಡೀ ನೊರೆಯನ್ನು ಆ ಬೂದಿನಲ್ಲೇ ಮುಗಿಸಿ. ಅಪ್ಪಟ ಬಿಳಿ ಬಿಸಿಲು ನೇರ ಬೀಳುವ ಎರಡು ಮೂರು ಕಡೆ ಮಾತ್ರ, ಅದೂ ಕೊನೆಯಲ್ಲಿ, ಬಣ್ಣ ಹಚ್ಚುವ ಪೇಂಟಿಂಗ್ ನೈಫ್‌ನಲ್ಲಿ ದಪ್ಪಗೆ. ಹನಿ ಸಿಡಿಯುವ ಕಡೆ ಬಂಡೆಯ ಅಂಚು ಸ್ಪಷ್ಟವಾಗಿ ಕಾಣಬಾರದು, ಬಣ್ಣ ಹಸಿ ಇರುವಾಗಲೇ ಒಣ ಬ್ರಷ್‌ನಿಂದ ಹಗುರವಾಗಿ ಸವರಿ ಬಿಡಿ. ಅಲೆಯ ತುದಿ ತೆಳು, ಬೆಳಕು ಅದನ್ನು ದಾಟಿ ಬರುತ್ತದೆ. ಅಲ್ಲಿ ವಿರಿಡಿಯನ್ ಹಸಿರಿಗೆ ಸ್ವಲ್ಪ ಹಳದಿ ಸೇರಿಸಿ, ಬುಡಕ್ಕೆ ಬಂದಂತೆ ಗಾಢ ಮಾಡಿ.

ಪ್ರಶ್ನೆ: ಜುಲೈ ಮಳೆಯಲ್ಲಿ ಬಣ್ಣ ಒಣಗುವುದೇ ಇಲ್ಲ. ಒಲೆ ಹತ್ತಿರ ಇಡಬಹುದಾ?
ಓದುಗರು, ಸೋಮವಾರಪೇಟೆ

ಉತ್ತರ: ಬೇಡ. ಆಯಿಲ್ ಪೇಂಟ್ ಬಟ್ಟೆ ಆರಿದ ಹಾಗೆ ಆರುವುದಿಲ್ಲ, ಅದರಲ್ಲಿರುವ ಅಗಸೆ ಎಣ್ಣೆ ಗಾಳಿಯಿಂದ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತದೆ. ಗಾಳಿ, ಬೆಳಕು ಇರುವ ಕೋಣೆಯಲ್ಲಿಡಿ. ಕೆಳಗಿನ ಪದರಕ್ಕೆ ಎಣ್ಣೆ ಕಡಿಮೆ, ಮೇಲಿನದಕ್ಕೆ ಜಾಸ್ತಿ, ಇಲ್ಲದಿದ್ದರೆ ಮುಂದೆ ಬಿರುಕು ಬಿಡುತ್ತದೆ. ಒಂದು ಮಳೆಗಾಲ ನಾನು ಕ್ಯಾನ್ವಾಸನ್ನು ಸುಮ್ನೆ ಗೋಡೆಗೆ ಒರಗಿಸಿಟ್ಟೆ, ಆಗಸ್ಟ್‌ನಲ್ಲಿ ತಿರುಗಿಸಿದರೆ ಹಿಂಬದಿಯೆಲ್ಲ ಬೂಷ್ಟು. ತುಂಬಾ ಬೇಜಾರಾಯಿತು. ಈಗ ಗೋಡೆಗೂ ಚಿತ್ರಕ್ಕೂ ನಡುವೆ ಒಂದು ಗೇಣು ಜಾಗ ಬಿಡುತ್ತೇನೆ. ಮತ್ತೆ, ಅಗಸೆ ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿ ಬಿಸಿಯೇರಿ ಬೆಂಕಿ ಹತ್ತಬಹುದು. ನೀರಿನ ಡಬ್ಬಿಗೆ ಹಾಕಿಡಿ.

ಪ್ರಶ್ನೆ: ವಾರ್ನಿಶ್ ಯಾವಾಗ?
ಓದುಗರು, ಗೋಣಿಕೊಪ್ಪ

ಉತ್ತರ: ಕನಿಷ್ಠ 6 ತಿಂಗಳು ಬಿಡಿ, ಬಣ್ಣ ದಪ್ಪ ಇದ್ದರೆ ಒಂದು ವರ್ಷ. ಮಳೆಗಾಲದಲ್ಲಂತೂ ಬೇಡ, ಥಂಡಿಗೆ ವಾರ್ನಿಶ್ ಮಂಜು ಕವಿದ ಹಾಗೆ ಬಿಳಿಚಿಕೊಳ್ಳುತ್ತದೆ. ಫೆಬ್ರವರಿಯ ಒಣ ಹವೆಯಲ್ಲಿ ಹಚ್ಚಿ.