ಹೆಫೆಲ್‌ಫಿಂಗರ್ ಲೇಖನ: ಲೆಕ್ಕದ ಪುಟದಿಂದ ಶುರುಮಾಡಿ

ನಮಸ್ಕಾರ.

ಅಮೆರಿಕದ ಹಳೆಯ ಫುಟ್‌ಬಾಲ್ ಆಟಗಾರ ವಿಲಿಯಂ ‘ಪಡ್ಜ್’ ಹೆಫೆಲ್‌ಫಿಂಗರ್ ಬಗ್ಗೆ ನೀವು ಕಳಿಸಿದ ಬರಹ ಓದಿದೆ. ಈಗಿರುವ ಹಾಗೆ ಹಾಕಿಕೊಳ್ಳಲಾರೆ. ಕೈಬಿಡಲೂ ಮನಸ್ಸಿಲ್ಲ. ಕಾರಣ, ಕೊನೆಯ ಪುಟದಲ್ಲಿ ನೀವು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ ಸಂಗತಿ.

1892ರ ನವೆಂಬರ್ 12ರಂದು ಪಿಟ್ಸ್‌ಬರ್ಗ್‌ನಲ್ಲಿ ಒಂದು ಪಂದ್ಯ. ಅಂದು ಅವನು ಆಡಿದ ಕ್ಲಬ್ ಅಲಿಗೆನಿ ಅಥ್ಲೆಟಿಕ್ ಅಸೋಸಿಯೇಷನ್ ಬರೆದಿಟ್ಟ ಖರ್ಚಿನ ಪಟ್ಟಿಯಲ್ಲಿ ಹೆಫೆಲ್‌ಫಿಂಗರ್ ಹೆಸರಿನ ಮುಂದೆ 500 ಡಾಲರ್, ಅದೂ ನಗದು. ಪ್ರಯಾಣಕ್ಕೆ 25 ಡಾಲರ್ ಬೇರೆ. ದುಡ್ಡಿಗೆ ಆಡಿದವನನ್ನು ಕೀಳಾಗಿ ಕಾಣುತ್ತಿದ್ದ ಕಾಲವದು. 1954ರಲ್ಲಿ ಅವನು ತೀರಿಕೊಂಡ. ಆ ಪುಟ ಹೊರಬಿದ್ದದ್ದು ಅದಾದ ಎಷ್ಟೋ ವರ್ಷಗಳ ಮೇಲೆ. ಈಗ ವೃತ್ತಿಪರ ಫುಟ್‌ಬಾಲಿನ ಚರಿತ್ರೆ ಅಲ್ಲಿಂದಲೇ ಶುರುವಾಗುತ್ತದೆ. ನೀವು ಇದನ್ನು ಅಡಗಿಸಿ, ವಂಶಾವಳಿಗೆ ಮೂರು ಪ್ಯಾರಾ ಕೊಟ್ಟಿದ್ದೀರಿ! ವಂಶಾವಳಿ ತೆಗೆದುಹಾಕಿ.

ನಮ್ಮ ಓದುಗರಿಗೆ ಫುಟ್‌ಬಾಲ್ ಅಂದರೆ ಕಾಲಿನಲ್ಲಿ ಒದೆಯುವ ಆಟ. ‘ಚೆಂಡು ಹಿಡಿದು ಓಡಿದ’ ಎಂದಾಗ ಫೌಲ್ ಅಲ್ಲವೇ ಎಂದು ತಬ್ಬಿಬ್ಬಾಗುತ್ತಾರೆ. ಅಮೆರಿಕದ ಫುಟ್‌ಬಾಲಿನಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದೇ ಓಡುತ್ತಾರೆ ಎಂದು ಮೊದಲೇ ಹೇಳಿ. ಅಂದು ಎದುರಾಳಿಯ ಕೈತಪ್ಪಿದ ಚೆಂಡನ್ನು ಎತ್ತಿಕೊಂಡು ಅವನು ಸುಮಾರು 35 ಗಜ ಓಡಿ ಟಚ್‌ಡೌನ್ ಮಾಡಿದ, ಅಂದರೆ ಚೆಂಡನ್ನು ಎದುರಾಳಿಯ ಗೋಲು ಗೆರೆಯಾಚೆ ಮುಟ್ಟಿಸಿದ. ಆಗ ಟಚ್‌ಡೌನ್‌ಗೆ ನಾಲ್ಕೇ ಅಂಕ, ಪಂದ್ಯ 4–0. ಗಾರ್ಡ್ ಸ್ಥಾನದವನ ಮುಖ್ಯ ಕೆಲಸ ಚೆಂಡು ಹಿಡಿದವನಿಗೆ ದಾರಿ ಬಿಡಿಸುವುದು, ಆದರೆ ಅಂದು ಗೆಲುವಿನ ಅಂಕ ತಂದವನು ಆ ಗಾರ್ಡೇ. ಇದನ್ನು ನಿಧಾನವಾಗಿ, ಮೈದಾನ ಕಣ್ಣಿಗೆ ಕಟ್ಟುವಂತೆ ಬರೆಯಿರಿ. ‘ಅಪ್ರತಿಮ’, ‘ಧೀಮಂತ’ ಎಲ್ಲ ಬೇಡ. ಯೇಲ್ ವಿಶ್ವವಿದ್ಯಾಲಯದ ಪರ ಆಡಿ 1889ರಿಂದ ಸತತ ಮೂರು ವರ್ಷ ಆಲ್-ಅಮೆರಿಕ ತಂಡಕ್ಕೆ, ಅಂದರೆ ದೇಶದ ಅತ್ಯುತ್ತಮ ಕಾಲೇಜು ಆಟಗಾರರ ಪಟ್ಟಿಗೆ, ಆಯ್ಕೆಯಾದ ಅಂದರೆ ಸಾಕು, ಓದುಗರು ಅಳೆದುಕೊಳ್ಳುತ್ತಾರೆ.

‘ಮುಂದೆ ಯಶಸ್ವಿ ಉದ್ಯಮಿಯಾದರು’ ಎನ್ನುವ ವಾಕ್ಯ ಯಾರ ಬಗ್ಗೆಯೂ ಬರೆಯಬಹುದಾದದ್ದು. ಮಿನಿಯಾಪೊಲಿಸ್‌ನಲ್ಲಿ ಅಪ್ಪನ ಶೂ ಕಂಪನಿ, ಆಮೇಲೆ ಜಮೀನು-ಕಟ್ಟಡಗಳ ವ್ಯವಹಾರ, ಜೊತೆಗೆ ಎರಡು ದಶಕಕ್ಕೂ ಮಿಕ್ಕಿ ಆ ಊರಿರುವ ಹೆನಪಿನ್ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಕಮಿಷನರ್, ಅಂದರೆ ಅದರ ಆಡಳಿತ ಮಂಡಳಿಯ ಚುನಾಯಿತ ಸದಸ್ಯನ ಹುದ್ದೆ. ಆ 500 ಡಾಲರ್ ಪಡೆದವನು ದುಡ್ಡಿನ ಲೋಕದಲ್ಲಿ ಹೇಗೆ ಬಾಳಿದ ಅನ್ನುವುದೇ ಲೇಖನದ ಎರಡನೇ ಅರ್ಧ. ಅದಕ್ಕೆ ಇನ್ನಷ್ಟು ಹುಡುಕಬೇಕು, ಹುಡುಕಿ.

ಕೊನೆಗೆ ಅವನನ್ನು ‘ಹಣದಾಸೆಗೆ ಬಿದ್ದವನು’ ಎಂದಿದ್ದೀರಿ. ಆ ತೀರ್ಪನ್ನು ಹೊರುವಂಥದ್ದು ನಿಮ್ಮ ಬರಹದಲ್ಲಿ ಏನೂ ಇಲ್ಲ. ಹೊಡೆದುಹಾಕಿ.

ತಿದ್ದಿದ ಪ್ರತಿ 1,500 ಪದ ಮೀರದಿರಲಿ. ನನ್ನ ಹೆಸರಿಗೇ ಕಳಿಸಿ, ನಾನೇ ಓದುತ್ತೇನೆ.

— ಸಂಪಾದಕ